ಪುಣೆಯ ಗುಡ್ಡಗಳ ಮೇಲೆ ಗಿಡ ನೆಡುವವರಿಗೆ ಒಂದು ಬಹಿರಂಗ ಪತ್ರ

ಪುಣೆಯ ಗುಡ್ಡಗಳ ಉಸ್ತುವಾರಿ ಹೊತ್ತ ಅರಣ್ಯ ಇಲಾಖೆ ಮತ್ತು ಮಹಾನಗರಪಾಲಿಕೆಯ ಅಧಿಕಾರಿಗಳಿಗೆ, ಹಾಗೂ ಪ್ರತಿ ಮಳೆಗಾಲದಲ್ಲಿ ಸಸಿ ಹಿಡಿದು ಗುಡ್ಡ ಏರುವ ಪುಣೆಯ ಕನ್ನಡ ಬಂಧುಗಳಿಗೆ,

ಸಾದರ ನಮಸ್ಕಾರಗಳು.

ಈ ಪತ್ರದ ಮರಾಠಿ ಪ್ರತಿಯನ್ನು ಸಂಬಂಧಪಟ್ಟ ಕಚೇರಿಗಳಿಗೆ ಕೊಟ್ಟಿದ್ದೇನೆ. ಅದನ್ನೇ ಕನ್ನಡದಲ್ಲಿಯೂ ಬರೆಯುತ್ತಿರುವುದಕ್ಕೆ ಕಾರಣವಿದೆ. ಈ ಊರಿನ ಕನ್ನಡ ಬಳಗಗಳು, ಹೋಟೆಲ್ ಉದ್ಯಮದ ನಮ್ಮವರು, ಐಟಿ ಕಂಪನಿಗಳಲ್ಲಿರುವ ನಮ್ಮ ಹುಡುಗ ಹುಡುಗಿಯರು ಜುಲೈ ಬಂತೆಂದರೆ ಉತ್ಸಾಹದಿಂದ ವೇತಾಳ ಟೇಕಡಿ, ತಳಜಾಯಿ, ಕಾತ್ರಜ್‌ ಗುಡ್ಡಗಳಿಗೆ ಹೋಗಿ ಸಸಿ ನೆಡುತ್ತಾರೆ. ಆ ಉತ್ಸಾಹದ ಬಗ್ಗೆ ನನಗೆ ಗೌರವವಿದೆ, ಏಕೆಂದರೆ ನಾನೂ ಅವರಲ್ಲಿ ಒಬ್ಬನಾಗಿದ್ದೆ. ಅದು ಸರಿಯಾದ ದಾರಿಗೆ ಬರಲಿ ಎಂಬುದಷ್ಟೇ ಈ ಪತ್ರದ ಉದ್ದೇಶ.

ನಾನು ವಿಜಯಪುರ ಜಿಲ್ಲೆಯ ಒಣ ಬೇಸಾಯದ ಮನೆತನದವನು. ಇಪ್ಪತ್ತಾರು ವರ್ಷಗಳಿಂದ ಕೊಥ್ರೂಡ್‌ನಲ್ಲಿ ವಾಸವಾಗಿದ್ದೇನೆ, ಬಹುತೇಕ ಪ್ರತಿದಿನ ಬೆಳಿಗ್ಗೆ ವೇತಾಳ ಟೇಕಡಿ ಹತ್ತುತ್ತೇನೆ. ಕೆಲವು ವರ್ಷಗಳ ಹಿಂದೆ ಜುಲೈನ ಒಂದು ಭಾನುವಾರ ನಮ್ಮ ಬಳಗದವರು ಸೇರಿ ಊರ ಹೊರಗಿನ ಒಂದು ಗುಡ್ಡದ ಇಳಿಜಾರಿನಲ್ಲಿ 200 ಸಸಿಗಳನ್ನು ನೆಟ್ಟೆವು. ಆಲ, ಅರಳಿ, ಗುಲ್‌ಮೊಹರ್, ಹೊಂಗೆ ಹೀಗೆ ನರ್ಸರಿಯವರು ಕೊಟ್ಟದ್ದನ್ನೆಲ್ಲ ತೆಗೆದುಕೊಂಡು ಹೋಗಿದ್ದೆವು. ಹಾರೆ ಹಾಕಿದರೆ ಒಂದೂವರೆ ಗೇಣಿಗೇ ಕಲ್ಲು ಸಿಗುತ್ತಿತ್ತು. ಅಷ್ಟೇ ಆಳದ ಗುಂಡಿಯಲ್ಲಿ ಸಸಿ ಇಟ್ಟು, ಮಣ್ಣು ಒತ್ತಿ, ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಸಿಕೊಂಡು, ಉಪ್ಪಿಟ್ಟು ತಿಂದು ಇಳಿದೆವು. ಮುಂದಿನ ಮೇ ತಿಂಗಳಲ್ಲಿ ಯಾರೂ ಹೇಳದಿದ್ದರೂ ನಾನು ಒಬ್ಬನೇ ಹೋಗಿ ಎಣಿಸಿದೆ. ಜೀವ ಹಿಡಿದಿದ್ದವು 17. ಒಣಗಿದ ಒಂದು ಅರಳಿ ಸಸಿಯನ್ನು ಕಿತ್ತು ನೋಡಿದಾಗ ಕಪ್ಪು ಪ್ಲಾಸ್ಟಿಕ್ ಚೀಲ ಹಾಗೆಯೇ ಇತ್ತು. ಅದರೊಳಗೆ ಬೇರುಗಳು ದಾರದ ಉಂಡೆಯಂತೆ ಸುತ್ತಿಕೊಂಡಿದ್ದವು. ಹತ್ತು ತಿಂಗಳಲ್ಲಿ ಒಂದು ಬೇರೂ ಆ ಗುಡ್ಡದ ಮಣ್ಣನ್ನು ಮುಟ್ಟಿರಲಿಲ್ಲ. ಅದನ್ನು ನೆಟ್ಟವನು ನಾನೇ ಇದ್ದಿರಬಹುದು. ಆ ಚೀಲವನ್ನು ಮನೆಗೆ ತಂದು ಇಟ್ಟುಕೊಂಡಿದ್ದೇನೆ.

ಅಂದು ಇನ್ನೂ ಒಂದನ್ನು ಕಂಡೆ. ನಾವು ಗುಂಡಿ ತೋಡದೆ ಬಿಟ್ಟಿದ್ದ ಪಕ್ಕದ ತುಣುಕು ಆ ವರ್ಷ ಬೆಂಕಿ ಬೀಳದೆ ಉಳಿದಿತ್ತು. ಅಲ್ಲಿ ಹಳೆಯ ಮುತ್ತಲದ ಬುಡಗಳು ತಾವಾಗಿಯೇ ಚಿಗುರಿ ಮೊಣಕಾಲೆತ್ತರ ಬಂದಿದ್ದವು. ಬಾರಿ ಗಿಡ, ಕಾಚಿನ ಗಿಡಗಳ ಎಳೆ ಸಸಿಗಳು ಹುಲ್ಲಿನ ನಡುವೆ ಇದ್ದವು. ಯಾರೂ ನೀರು ಹಾಕದಿದ್ದರೂ ಅವು ಬದುಕಿದ್ದವು.

ಪುಣೆಯ ಗುಡ್ಡಗಳೆಂದರೆ ಏನು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಇವು ದಖ್ಖನಿನ ಕಪ್ಪು ಬಸಾಲ್ಟ್ ಶಿಲೆಯ ಗುಡ್ಡಗಳು. ಮೇಲೆ ಇರುವುದು ತೆಳುವಾದ ಗರಸು ಮಣ್ಣು, ಮರಾಠಿಯಲ್ಲಿ ಮುರುಮ್ ಎನ್ನುವುದು. ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು ಬೀಳುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂದುಹೋಗುತ್ತದೆ, ಉಳಿದ ಏಳೆಂಟು ತಿಂಗಳು ನೆಲ ಒಣಗಿಯೇ ಇರುತ್ತದೆ. ಇಂಥಲ್ಲಿ ಸಹಜವಾಗಿ ಬರುವುದು ಹುಲ್ಲು, ಹುಲ್ಲಿನ ನಡುವೆ ದೂರ ದೂರ ನಿಂತ ಮರಗಳು: ಮರಾಠಿಯವರು ಸಾಲಯಿ ಎನ್ನುವ ಧೂಪದ ಮರ, ದಿಂಡಿಗ, ಕಾಚು, ಮುತ್ತಲ, ಬಿಳಿಜಾಲಿ. ನಮ್ಮ ಕಡೆ ಇಂಥ ನೆಲಕ್ಕೆ ಮಡ್ಡಿ ಎನ್ನುತ್ತಾರೆ. ಕುರಿ ಮೇಯುವುದು, ಗುಡಿಸಲಿಗೆ ಹೊದಿಸುವ ಹುಲ್ಲು ಬರುವುದು ಅಲ್ಲಿಂದಲೇ. ಹಾಗಾಗಿ ಮಡ್ಡಿಯನ್ನು ನಮ್ಮ ಹಿರಿಯರು ಖಾಲಿ ಜಾಗವೆಂದು ಎಂದೂ ಕರೆದವರಲ್ಲ. ದಾಖಲೆಗಳು ಮಾತ್ರ ಇಂಥ ಎಷ್ಟೋ ನೆಲವನ್ನು ಕುರುಚಲು ಪಾಳು ಭೂಮಿ ಎಂಬ ಹೆಸರಿನಲ್ಲಿ ಬರೆದಿಟ್ಟಿವೆ. ಪಾಳು ಎಂದು ಬರೆದ ಮೇಲೆ ಅಲ್ಲಿ ಏನನ್ನಾದರೂ ನೆಡಬಹುದು, ಏನನ್ನಾದರೂ ಕಟ್ಟಬಹುದು ಎಂಬ ಧೈರ್ಯ ಬರುತ್ತದೆ.

ಮೊದಲ ಮಳೆ ಬಿದ್ದ ವಾರದಲ್ಲಿ ಒಮ್ಮೆ ಟೇಕಡಿಯ ಹುಲ್ಲಿನ ಭಾಗಕ್ಕೆ ಹೋಗಿ, ಕಾಲಬುಡ ನೋಡುತ್ತ ನಡೆಯಿರಿ. ನೆಲದೊಳಗೆ ಇಡೀ ಬೇಸಿಗೆ ಮಲಗಿದ್ದ ಗಡ್ಡೆಗಳಿಂದ ಎಲೆಗಿಂತ ಮೊದಲೇ ಬಿಳಿಯ ಹೂಗಳು ಎದ್ದು ನಿಂತಿರುತ್ತವೆ. ನೆಲಗುಬ್ಬಿಗಳು ಹುಲ್ಲಿನ ಬುಡದಲ್ಲಿಯೇ ಗೂಡು ಮಾಡುತ್ತವೆ, ಗೌಜಲಹಕ್ಕಿ ಮರಿಗಳನ್ನು ಸಾಲಾಗಿ ಕರೆದುಕೊಂಡು ಓಡುತ್ತದೆ. ಇವಕ್ಕೆಲ್ಲ ಬೇಕಾದದ್ದು ಬಿಸಿಲು ಬೀಳುವ ಬಯಲು. ಒತ್ತಾಗಿ ಮರ ಬೆಳೆಸಿ ನೆರಳು ಮಾಡಿದರೆ ಅವು ಹೋಗಬೇಕು.

ಈಗ ಟೇಕಡಿಯ ಅತಿ ಹಸಿರಾದ ಭಾಗದ ಮಾತು. ಕೆಲವು ದಶಕಗಳ ಹಿಂದೆ ಪುಣೆಯ ಗುಡ್ಡಗಳನ್ನು ಬೇಗ ಹಸಿರು ಮಾಡಲು ಗ್ಲಿರಿಸಿಡಿಯಾವನ್ನು ಹೇರಳವಾಗಿ ನೆಟ್ಟರು. ಅದು ಮಧ್ಯ ಅಮೆರಿಕದ ಗಿಡ. ನಮ್ಮ ರೈತರು ಅದನ್ನು ಗೊಬ್ಬರದ ಗಿಡವೆಂದು ಬಲ್ಲರು. ಹೊಲದ ಬದುವಿನ ಮೇಲೆ ಅದು ಒಳ್ಳೆಯ ಗಿಡವೇ: ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ, ಸೊಪ್ಪು ಕೊಡುತ್ತದೆ, ಕೊಂಬೆ ಕಡಿದು ನೆಟ್ಟರೂ ಚಿಗುರುತ್ತದೆ. ಆಗ ಅದನ್ನು ಆರಿಸಿದವರನ್ನು ನಾನು ದೂರುವುದಿಲ್ಲ. ಬೋಳು ಗುಡ್ಡದ ಮೇಲೆ ಬೇಗ ಬೆಳೆಯುವ ಗಿಡವೊಂದು ಅವರಿಗೆ ಬೇಕಿತ್ತು. ಆದರೆ ಬದುವಿನ ಮೇಲೆ ರೈತನ ಕುಡುಗೋಲು ಅದನ್ನು ಹದ್ದುಬಸ್ತಿನಲ್ಲಿ ಇಡುತ್ತದೆ, ಗುಡ್ಡದ ಮೇಲೆ ಅದನ್ನು ತಡೆಯುವವರಿಲ್ಲ. ಕಾಯಿ ಸಿಡಿದು ಬೀಜ ದೂರ ಹಾರುತ್ತದೆ, ಮಳೆಗಾಲದಲ್ಲಿ ಒತ್ತಾದ ನೆರಳು ಹುಲ್ಲನ್ನು ಕೊಲ್ಲುತ್ತದೆ. ಬೇಸಿಗೆಗೆ ಮುಂಚೆಯೇ ಎಲೆ ಉದುರಿಸಿ ಗಿಡ ಬರಿದಾಗಿ ನಿಲ್ಲುವುದರಿಂದ, ನೆರಳು ಬೇಕಾದ ಕಾಲಕ್ಕೆ ನೆರಳೂ ಇರುವುದಿಲ್ಲ. ಆ ತೋಪಿನೊಳಗೆ ಹತ್ತು ನಿಮಿಷ ನಿಂತು ಆಮೇಲೆ ಹುಲ್ಲಿನ ಬಯಲಿಗೆ ಬಂದು ಹತ್ತು ನಿಮಿಷ ನಿಂತು ಕಿವಿಗೊಟ್ಟರೆ ಎಲ್ಲಿ ಹಕ್ಕಿಗಳಿವೆ ಎಂಬುದು ಯಾರಿಗಾದರೂ ತಿಳಿಯುತ್ತದೆ.

ಈ ತಪ್ಪನ್ನು ಕನ್ನಡಿಗರಾದ ನಾವು ನಮ್ಮ ನೆಲದಲ್ಲಿಯೇ ಒಮ್ಮೆ ಮಾಡಿದ್ದೇವೆ. ಹಾವೇರಿ ಜಿಲ್ಲೆಯ ರಾಣೇಬೆನ್ನೂರು ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು. ಕೃಷ್ಣಮೃಗವೂ ಎರೆಭೂತವೂ ತಿರುಗಾಡುತ್ತಿದ್ದ ಆ ಹುಲ್ಲುಗಾವಲಿನ ದೊಡ್ಡ ಭಾಗ ನೀಲಗಿರಿ ತೋಪಾಯಿತು. ಬಯಲು ಮುಚ್ಚಿದಂತೆ ಬಯಲಿನ ಪ್ರಾಣಿಗಳಿಗೆ ಜಾಗ ಕಡಿಮೆಯಾಯಿತು. ಕೊನೆಗೆ 2017ರಲ್ಲಿ ಕರ್ನಾಟಕ ಸರಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟು ಹತ್ತಿರದ ಪಾಠವಿದ್ದೂ ನಾವು ಇಲ್ಲಿಗೆ ಬಂದು ಅದೇ ಕೆಲಸಕ್ಕೆ ಕೈಜೋಡಿಸಬೇಕೇ?

ಹವಾಮಾನ ಬದಲಾವಣೆಯ ವಿರುದ್ಧದ ಕೆಲಸಕ್ಕೆ ಮರ ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. 2030ರ ಹೊತ್ತಿಗೆ ಕಾಡು ಮತ್ತು ಮರಗಳ ಹೊದಿಕೆಯಿಂದ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದಷ್ಟನ್ನು ಹೆಚ್ಚುವರಿಯಾಗಿ ಹಿಡಿದಿಡುತ್ತೇವೆಂದು ಭಾರತ ಜಗತ್ತಿಗೆ ಮಾತು ಕೊಟ್ಟಿದೆ, 2 ಕೋಟಿ 60 ಲಕ್ಷ ಹೆಕ್ಟೇರ್ ಹಾಳಾದ ನೆಲವನ್ನು ಅದೇ ಗಡುವಿನೊಳಗೆ ಸುಧಾರಿಸುವುದಾಗಿ 2019ರಲ್ಲಿ ಹೇಳಿದೆ. ದೊಡ್ಡ ಮಾತುಗಳು, ಬೇಕಾದ ಮಾತುಗಳು. ತೊಡಕಿರುವುದು ಅವುಗಳನ್ನು ಅಳೆಯುವ ಕ್ರಮದಲ್ಲಿ. ನಮ್ಮ ಅರಣ್ಯ ಸಮೀಕ್ಷೆಯ ಲೆಕ್ಕದಲ್ಲಿ ಒಂದು ಹೆಕ್ಟೇರಿಗಿಂತ ಕಡಿಮೆಯಿಲ್ಲದ ಜಾಗದಲ್ಲಿ ಶೇಕಡ 10ರಷ್ಟು ಮರದ ನೆರಳಿದ್ದರೆ ಅದು ಕಾಡು. ಜಾತಿ ಯಾವುದು ಎಂಬ ಪ್ರಶ್ನೆ ಅಲ್ಲಿಲ್ಲ. ಗ್ಲಿರಿಸಿಡಿಯಾ ತೋಪು ಆ ಲೆಕ್ಕಕ್ಕೆ ಸೇರುತ್ತದೆ, ನೂರಾರು ವರ್ಷಗಳಿಂದ ಇರುವ ಹುಲ್ಲಿನ ಇಳಿಜಾರು ಸೇರುವುದಿಲ್ಲ. ಮಹಾರಾಷ್ಟ್ರದಲ್ಲಿ 2016ರ ಜುಲೈ 1ರಂದು 2 ಕೋಟಿ ಸಸಿಗಳ ಗುರಿಯಿಂದ ಶುರುವಾದ ಅಭಿಯಾನ 2017ಕ್ಕೆ 4 ಕೋಟಿ, 2018ಕ್ಕೆ 13 ಕೋಟಿ, 2019ಕ್ಕೆ 33 ಕೋಟಿ ಎಂದು ಬೆಳೆಯಿತು. ಲಕ್ಷಾಂತರ ಜನ ಮಣ್ಣಿಗೆ ಕೈಹಾಕಿದ ಆ ಉತ್ಸಾಹ ಸಣ್ಣದಲ್ಲ. ಆದರೆ ಗುರಿಯನ್ನು ನೆಡುವ ದಿನದ ಸಂಖ್ಯೆಯಲ್ಲಿ ಹೇಳಿದಾಗ ಅಧಿಕಾರಿಯ ಮೇಲಿನ ಒತ್ತಡವೂ ಆ ದಿನದ ಮಟ್ಟಿಗೇ ಇರುತ್ತದೆ. ಅಷ್ಟು ಗುಂಡಿಗೆ ಜಾಗ ಹುಡುಕುವವನ ಕಣ್ಣು ಮೊದಲು ಬೀಳುವುದು ಖಾಲಿ ಕಾಣುವ ಹುಲ್ಲಿನ ಗುಡ್ಡದ ಮೇಲೆ.

ಹುಲ್ಲು ತಾನು ಹೀರಿದ ಇಂಗಾಲದ ಬಹುಪಾಲನ್ನು ಬೇರಿನಲ್ಲಿ, ಮಣ್ಣಿನಲ್ಲಿ ಇಡುತ್ತದೆ. ಬೇಸಿಗೆಯ ಬೆಂಕಿಗೆ ಮೇಲಿನ ಒಣಹುಲ್ಲು ಸುಟ್ಟರೂ ನೆಲದೊಳಗಿನ ಗಂಟು ಉಳಿದಿದ್ದು ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಅದೇ ಇಳಿಜಾರಿನಲ್ಲಿ ನೆಟ್ಟ ಎಳೆಯ ಸಸಿ ಬೆಂಕಿಗೆ ಸಿಕ್ಕರೆ ಅಲ್ಲಿಗೆ ಮುಗಿಯಿತು. ನೆಡುವುದಕ್ಕೆಂದು ಜೆಸಿಬಿ ತಂದು ಹುಲ್ಲಿನ ಹಾಸನ್ನು ಉದ್ದಕ್ಕೆ ಸೀಳಿದರೆ, ಮಣ್ಣಿನಲ್ಲಿ ಕೂತಿದ್ದ ಇಂಗಾಲ ಗಾಳಿಗೆ ಹೋಗುತ್ತದೆ, ಸಡಿಲವಾದ ಗರಸು ಮಳೆಗೆ ಕೊಚ್ಚಿಕೊಂಡು ಹಳ್ಳಕ್ಕೆ ಇಳಿಯುತ್ತದೆ.

ಹಳ್ಳ ಎಂದಾಗ ಪುಣೆಯವರಿಗೆ 2019ರ ಸೆಪ್ಟೆಂಬರ್ 25ರ ರಾತ್ರಿ ನೆನಪಾಗದೆ ಇರದು. ಕಾತ್ರಜ್‌ ಗುಡ್ಡಗಳಿಂದ ಇಳಿದು ಬರುವ ಅಂಬಿಲ್ ಓಢಾ ಎಂಬ ಹಳ್ಳ ಕೆಲವೇ ಗಂಟೆಗಳ ಮಳೆಗೆ ಉಕ್ಕಿ, ದಡದ ವಸತಿಗಳಿಗೆ ನುಗ್ಗಿತು. ಆ ಮಳೆಗೆ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹಳ್ಳದ ಪಾತ್ರವನ್ನು ಒತ್ತುವರಿ ಮಾಡಿದ್ದು ಎಷ್ಟು ಕಾರಣವೋ, ಮೇಲೆ ಗುಡ್ಡವನ್ನು ಕಡಿದು ಬೋಳು ಮಾಡಿದ್ದೂ ಅಷ್ಟೇ ಕಾರಣವೆಂದು ನಾನು ನಂಬಿದ್ದೇನೆ. ಅದಕ್ಕೂ ಐದು ವರ್ಷ ಮುಂಚೆ, 2014ರ ಜುಲೈ 30ರಂದು, ಇದೇ ಜಿಲ್ಲೆಯ ಆಂಬೇಗಾಂವ್ ತಾಲ್ಲೂಕಿನ ಮಾಳಿಣ್ ಎಂಬ ಹಳ್ಳಿಯ ಮೇಲೆ ಗುಡ್ಡ ಕುಸಿದು 150ಕ್ಕೂ ಹೆಚ್ಚು ಜನ ಮಣ್ಣಿನಡಿ ಸೇರಿದರು. ಹವಾಮಾನ ಬದಲಾದಂತೆ ಒಂದೇ ರಾತ್ರಿ ಸುರಿಯುವ ಮಳೆಗಳು ಹೆಚ್ಚುತ್ತಿವೆ. ಆ ನೀರನ್ನು ಇಳಿಜಾರಿನಲ್ಲಿಯೇ ನಿಧಾನಿಸಿ ನೆಲಕ್ಕೆ ಇಂಗಿಸುವುದು ಗುಡ್ಡ ಈ ನಗರಕ್ಕೆ ಮಾಡಬಹುದಾದ ಅತಿ ದೊಡ್ಡ ಉಪಕಾರ. ಪೇಶ್ವೆಗಳ ಕಾಲದಲ್ಲಿ ಕಾತ್ರಜ್‌ ಕೆರೆಯ ನೀರನ್ನು ನೆಲದಡಿಯ ಕಾಲುವೆಯಲ್ಲಿ ಊರಿನ ನೀರಿನ ತೊಟ್ಟಿಗಳಿಗೆ ತಂದವರು ಆ ಗುಡ್ಡಗಳನ್ನು ನೀರಿನ ತಾಯಿಯೆಂದು ತಿಳಿದೇ ತಂದಿದ್ದರು.

ನೆಲವನ್ನು ಮರಳಿ ಕಟ್ಟುವುದು ಹೇಗೆಂದು ಕಲಿಯಲು ದೂರ ಹೋಗಬೇಕಿಲ್ಲ. ಈಗ ಅಹಿಲ್ಯಾನಗರ ಎನ್ನುವ ನೆರೆಯ ಜಿಲ್ಲೆಯಲ್ಲಿ ಹಿವರೆ ಬಜಾರ್ ಇದೆ. ಪುಣೆಗಿಂತ ಎಷ್ಟೋ ಕಡಿಮೆ ಮಳೆ ಬೀಳುವ, ಜನ ಗುಳೆ ಹೋಗುತ್ತಿದ್ದ ಊರು. 1990ರ ನಂತರ ಪೋಪಟರಾವ್ ಪವಾರ್ ಅವರು ಸರಪಂಚರಾಗಿದ್ದಾಗ ಆ ಊರಿನವರು ಕೊಡಲಿ ಹಾಕುವುದನ್ನೂ ಗುಡ್ಡದ ಮೇಲೆ ದನ ಬಿಟ್ಟು ಮೇಯಿಸುವುದನ್ನೂ ನಿಲ್ಲಿಸಿದರು, ಕೊರಕಲು ಬಿದ್ದ ಇಳಿಜಾರುಗಳಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಸಾಗುವ ಸಮಪಾತಳಿ ಕಂದಕ ತೋಡಿದರು, ನೀರಾವರಿಗೆ ಬೋರ್‌ವೆಲ್ ಕೊರೆಯುವುದನ್ನು ಬಿಟ್ಟರು. ಸಸಿಯನ್ನೂ ನೆಟ್ಟರು. ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಹುಲ್ಲಿನ ಲೆಕ್ಕ: 2000ದಲ್ಲಿ 100 ಟನ್ನಿನಷ್ಟಿದ್ದ ಹುಲ್ಲಿನ ಕೊಯ್ಲು 2004ರ ಹೊತ್ತಿಗೆ 6000 ಟನ್ನಿಗೆ ಏರಿತು ಎಂದು ಆ ಊರಿನ ದಾಖಲೆಗಳು ಹೇಳುತ್ತವೆ. ಅವರು ಹುಲ್ಲನ್ನು ಕುಡುಗೋಲಿನಿಂದ ಕೊಯ್ದು ಮನೆಗೆ ಒಯ್ದರು, ಹೈನು ಹೆಚ್ಚಿತು, ಬಾವಿಗೆ ನೀರು ಬಂತು, ಗುಳೆ ಹೋದವರು ಮರಳಿದರು. ಗುಡ್ಡ ಸುಧಾರಿಸಿತು ಎಂಬುದಕ್ಕೆ ಅಲ್ಲಿನ ಅಳತೆ ಹುಲ್ಲು ಮತ್ತು ಬಾವಿ.

ಇಲ್ಲಿ ಕುರಿಗಾರರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹಿವರೆ ಬಜಾರ್ ಊರಿನವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆಯೇ ಬೇರೆ, ಧನಗರರನ್ನು ಅವರ ಹಾದಿಯಿಂದ ತಂತಿಬೇಲಿ ಹಾಕಿ ಓಡಿಸುವುದೇ ಬೇರೆ. ಹಾಲುಮತದ ಕುರುಬರನ್ನು ಕಂಡು ಬೆಳೆದ ನನಗೆ, ಪುಣೆ ಜಿಲ್ಲೆಯ ಇಂದಾಪುರ, ಬಾರಾಮತಿ, ಸಾಸವಡ ಕಡೆಯ ಬಯಲುಗಳಲ್ಲಿ ಚಿಂಕಾರ ಎಂಬ ಜಿಂಕೆ, ತೋಳ, ಕುರಿಹಿಂಡು ಒಂದೇ ನೆಲದಲ್ಲಿ ಬಾಳಿ ಬಂದದ್ದು ಆಶ್ಚರ್ಯವೆನಿಸುವುದಿಲ್ಲ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಆ ಬಯಲುಗಳಲ್ಲಿ ಪ್ರವಾಸಿಗರಿಗೆ ಹುಲ್ಲುಗಾವಲು ಸಫಾರಿ ನಡೆಸಲು ಮುಂದಾದ ಇದೇ ಅರಣ್ಯ ಇಲಾಖೆ, ನಗರದ ಗುಡ್ಡದ ಹುಲ್ಲಿಗೂ ಅದೇ ಗೌರವ ಕೊಡಲಿ ಎಂಬುದು ನನ್ನ ಬಿನ್ನಹ.

ಮಾನ್ಯ ಅಧಿಕಾರಿಗಳೇ, ನಾನು ಕೇಳುವುದು ಇಷ್ಟು. ಈ ಮಳೆಗಾಲಕ್ಕೆ ಸಸಿಗಳ ಸಂಖ್ಯೆ ನಿಗದಿ ಮಾಡುವ ಮೊದಲು ಪ್ರತಿ ಗುಡ್ಡವನ್ನು ನಡೆದು ನೋಡಿ, ಎಲ್ಲಿ ಹುಲ್ಲು ಚೆನ್ನಾಗಿ ನಿಂತಿದೆ, ಎಲ್ಲಿ ನೆಲ ಕೊರಕಲು ಬಿದ್ದಿದೆ, ಎಲ್ಲಿ ಗ್ಲಿರಿಸಿಡಿಯಾ ಆವರಿಸಿದೆ ಎಂಬ ನಕ್ಷೆಯನ್ನು ಮಾಡಿ ಜನರ ಮುಂದಿಡಿ. ಹುಲ್ಲು ನಿಂತ ಕಡೆ ಒಂದು ಗುಂಡಿಯೂ ಬೇಡ. ಫೆಬ್ರವರಿಯಿಂದ ಮೇವರೆಗೆ ಬೆಂಕಿ ಬೀಳದಂತೆ ಕಾವಲು ಮತ್ತು ಬೆಂಕಿರೇಖೆ, ಅಂದರೆ ಬೆಂಕಿ ಹರಡದಂತೆ ಒಣಹುಲ್ಲು ತೆಗೆದ ಪಟ್ಟಿ, ಸಾಕು. ಕೊರಕಲು ಬಿದ್ದ ಕಡೆ ಮೊದಲು ಕಲ್ಲಿನ ಒಡ್ಡು, ಕೈಯಿಂದ ತೋಡಿದ ಚಿಕ್ಕ ಕಂದಕ, ಆಮೇಲೆ ಹುಲ್ಲಿನ ಬೀಜ, ಅದೂ ಹಿಡಿದ ಮೇಲೆ ಇಲ್ಲಿಯದೇ ಮರ. ಗ್ಲಿರಿಸಿಡಿಯಾವನ್ನು ಒಂದೇ ಸಲ ಕಡಿದು ನೆಲ ಬರಿದು ಮಾಡಬೇಡಿ. ಪಟ್ಟಿ ಪಟ್ಟಿಯಾಗಿ ತೆಗೆದು, ತೆರವಾದ ಪಟ್ಟಿಯಲ್ಲಿ ದಿಂಡಿಗ, ಸಾಲಯಿ, ಮುತ್ತಲಗಳಿಗೆ ಜಾಗ ಕೊಡುತ್ತ ಹಲವು ವರ್ಷ ತೆಗೆದುಕೊಳ್ಳಿ. ಅದಕ್ಕೆ ಈ ಗುಡ್ಡಗಳ ಮರಗಳಿಂದಲೇ ಬೀಜ ಆರಿಸಿಕೊಂಡು ಸಸಿ ಮಾಡುವ ನರ್ಸರಿ ಬೇಕು. ರಸ್ತೆ ಬದಿಯ ಅಲಂಕಾರದ ಗಿಡಗಳಿಗೆಂದು ಇರುವ ನರ್ಸರಿಗಳಿಂದ ಆ ಕೆಲಸ ಆಗದು.

ಇನ್ನು ಆರೈಕೆಯ ಕಾಲ. ನಗರಗಳ ಮರಗಳ ರಕ್ಷಣೆಗಾಗಿ ಮಹಾರಾಷ್ಟ್ರದಲ್ಲಿ 1975ರ ಕಾಯ್ದೆಯಿದೆ. 2021ರ ತಿದ್ದುಪಡಿಯಲ್ಲಿ ಐವತ್ತು ವರ್ಷ ದಾಟಿದ ಮರವನ್ನು ಪಾರಂಪರಿಕ ಮರವೆಂದು ಕರೆದು, ಮರ ಕಡಿದರೆ ಅದರ ವಯಸ್ಸಿನಷ್ಟು ಸಂಖ್ಯೆಯ ಗಿಡ ನೆಡಬೇಕು, ಅವನ್ನು ಏಳು ವರ್ಷ ನೋಡಿಕೊಳ್ಳಬೇಕು ಎಂಬ ವಿಚಾರವನ್ನು ಸರಕಾರವೇ ಮುಂದಿಟ್ಟಿತು. ಕಡಿದವನಿಗೆ ಏಳು ವರ್ಷದ ಹೊಣೆಯಾದರೆ, ಪ್ರೀತಿಯಿಂದ ನೆಡುವ ನಮಗೆ ಒಂದೇ ದಿನದ ಹೊಣೆ ಏಕೆ? ಗುಡ್ಡದ ಮೇಲೆ ನೆಡಲು ಅನುಮತಿ ಕೇಳುವ ಪ್ರತಿ ಸಂಸ್ಥೆಯಿಂದ ಏಳು ವರ್ಷದ ಆರೈಕೆಯ ಹಣವನ್ನೂ ಹೆಸರನ್ನೂ ಬರೆಸಿಕೊಳ್ಳಿ. ಬದುಕಿದ ಗಿಡಗಳನ್ನು ಜುಲೈನಲ್ಲಿ ಎಣಿಸಬೇಡಿ, ಮೇ ತಿಂಗಳಲ್ಲಿ ಎಣಿಸಿ ಗುಡ್ಡದ ಬುಡದ ಫಲಕದ ಮೇಲೆ ಬರೆಯಿರಿ. ಹಾಗೆಯೇ, ಊರೊಳಗೆ ಕಡಿದ ಹಳೆಯ ಮರಗಳಿಗೆ ಬದಲಿಯೆಂದು ಗುಡ್ಡದ ಹುಲ್ಲನ್ನು ಅಗೆಯುವುದನ್ನು ನಿಲ್ಲಿಸಿ. ಒಂದು ಹಾನಿಗೆ ಪರಿಹಾರವಾಗಿ ಎರಡನೆಯದು ಆಗುವುದು ಬೇಡ. ಸಸಿ ನೆಟ್ಟ ಲೆಕ್ಕ ತೋರಿಸಿ ಗುಡ್ಡವನ್ನೇ ಸೀಳುವ ರಸ್ತೆಗೂ ಒಪ್ಪಿಗೆ ಸಿಗಬಾರದು. 1997ರಲ್ಲಿ ನಗರಕ್ಕೆ ಸೇರಿದ 23 ಹಳ್ಳಿಗಳ ಗುಡ್ಡಗಳನ್ನು ಜೀವವೈವಿಧ್ಯ ಉದ್ಯಾನವೆಂದು ಮೀಸಲಿಡಲು ಪುಣೆಯ ನಾಗರಿಕರು ವರ್ಷಗಟ್ಟಲೆ ಹೋರಾಡಿದ್ದಾರೆ, ಆ ಮೀಸಲು ಕಾಗದದಿಂದ ನೆಲಕ್ಕೆ ಇಳಿಯಲಿ.

ಕನ್ನಡ ಬಂಧುಗಳೇ, ನಿಮ್ಮಲ್ಲಿ ನನ್ನ ಮಾತು ಇನ್ನೂ ಸರಳ. ಈ ಬಾರಿ ಸಸಿಗೆ ಕೂಡಿಸಿದ ಹಣದಲ್ಲಿ ಅರ್ಧವನ್ನು ಬೇಸಿಗೆಯ ಬೆಂಕಿ ಕಾವಲಿಗೆ ಎತ್ತಿಡೋಣ. ಗಿಡ ನೆಡಲೇಬೇಕೆಂಬ ಆಸೆಗೆ ನಮ್ಮ ಸೊಸೈಟಿಯ ಅಂಗಳ, ಶಾಲೆಯ ಮೈದಾನದ ಅಂಚು, ಬಿಸಿಲಿಗೆ ಬೇಯುವ ರಸ್ತೆಬದಿ ಇವೆ. ಬೇವು, ಹೊಂಗೆಗಳಿಗೆ ಅಲ್ಲಿ ಮಣ್ಣೂ ಸಿಗುತ್ತದೆ, ದಿನಾ ಒಂದು ಬಕೆಟ್ ನೀರು ಹಾಕುವ ಕೈಯೂ ಹತ್ತಿರ ಇರುತ್ತದೆ. ಗುಡ್ಡದ ಮೇಲೆ ನೆಡುವುದಿದ್ದರೆ ಐದೇ ಗಿಡ ನೆಡೋಣ, ಚೀಲವನ್ನು ಕತ್ತರಿಸಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಇಳಿಯೋಣ, ಐದಕ್ಕೂ ಏಳು ಬೇಸಿಗೆ ನೀರು ಹೊರೋಣ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಫೋಟೊಕ್ಕೆ ನಿಲ್ಲಿಸುವ ಬದಲು ಹುಲ್ಲಿನಲ್ಲಿ ಮಂಡಿಯೂರಿ ಕೂತು ನೋಡಲು ಕಲಿಸೋಣ.

ಮೇ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಾನು ವೇತಾಳ ಟೇಕಡಿಯ ಮೇಲೆ, ಹಳೆಯ ಕಲ್ಲುಗಣಿಯ ಹತ್ತಿರ ಇರುತ್ತೇನೆ. ಅಧಿಕಾರಿಗಳಲ್ಲಿ ಯಾರಾದರೂ ಬಂದರೆ ಸಂತೋಷ, ಬಳಗದವರು ಬಂದರೆ ಅಷ್ಟೇ ಸಂತೋಷ. ಕಳೆದ ಜುಲೈನಲ್ಲಿ ನೆಟ್ಟವುಗಳಲ್ಲಿ ಬದುಕಿದ್ದೆಷ್ಟು, ತಾವಾಗಿ ಹುಟ್ಟಿದ್ದೆಷ್ಟು ಎಂದು ಎರಡು ಕಾಲಮ್ ಹಾಕಿದ ನೋಟ್‌ಬುಕ್ ತರುತ್ತೇನೆ. ನೀರಿನ ಬಾಟಲಿ, ಟೋಪಿ, ಮತ್ತು ಹುಲ್ಲಿನ ಮುಳ್ಳು ಚುಚ್ಚದಂಥ ದಪ್ಪ ಪ್ಯಾಂಟ್ ನಿಮ್ಮದು.

ಇಂತಿ ನಿಮ್ಮ ವಿಶ್ವಾಸಿ,
ಕೊಥ್ರೂಡ್‌ನ ಒಬ್ಬ ಕನ್ನಡಿಗ